ಇಲ್ಲವೆಂದು ಬರೆದ ಗಾಯ

ಜೀಪು ಸರಕಾರಿ ದವಾಖಾನೆಯ ಮುಂದೆ ನಿಲ್ಲಲಿಲ್ಲ.

ಕಮಳಾಬಾಯಿಗೆ ಏನೂ ಕಾಣುತ್ತಿರಲಿಲ್ಲ. ಒದ್ದೆ ಸೆರಗನ್ನು ಎರಡೂ ಕಣ್ಣಿಗೆ ಒತ್ತಿಕೊಂಡು ಹಿಂದಿನ ಸೀಟಿನಲ್ಲಿ ಮುದುಡಿ ಬಿದ್ದಿದ್ದಳು. ಆದರೆ ಹುಮನಾಬಾದಿನ ರಸ್ತೆ ನೋಡದೆಯೂ ಅವಳಿಗೆ ಗೊತ್ತಿತ್ತು. ಬಸ್ ಸ್ಟ್ಯಾಂಡಿನ ಕಂಡಕ್ಟರುಗಳ ಕೂಗು ಬಂತು, ಹೋಯಿತು. ಭಜಿ ಕರಿಯುವ ಎಣ್ಣೆಯ ವಾಸನೆ ಬಂತು, ಹೋಯಿತು. ಇನ್ನು ದವಾಖಾನೆ. ಜೀಪಿನ ವೇಗ ಕಡಿಮೆಯಾಗಲಿಲ್ಲ.

“ದವಾಖಾನಿ ಹಿಂದ ಹೋತ್ರಿ. ನಿಲ್ಲಸ್ರಿ.”

ಮುಂದಿನ ಸೀಟಿನಿಂದ ಗುತ್ತೇದಾರ ಶರಣಕುಮಾರ ಹೇಳಿದ: “ಬಾಯಿ ಮುಚ್ಕೊಂಡು ಕೂಡು ಕಮಳಿ. ಕಲ್ಯಾಣದಾಗ ಛಲೋ ದವಾಖಾನಿ ಐತಿ. ಖಾಸಗಿದು.”

ಉರಿಯಲ್ಲಿ ಹಲ್ಲು ಕಚ್ಚಿಕೊಂಡೇ ಅವಳು ಯೋಚಿಸಿದಳು. ಈ ಮನುಷ್ಯ ಆರು ವರ್ಷದಲ್ಲಿ ಒಂದು ಜೊತೆ ಕೈಗವಸು ಕೊಟ್ಟವನಲ್ಲ. ಹೋದ ವರ್ಷ ಡ್ರಮ್ಮು ಬಿದ್ದು ಜೊತೆಗೆ ಕೆಲಸ ಮಾಡುವ ಅಕ್ಬರಿಯ ಕಾಲ್ಬೆರಳು ಜಜ್ಜಿದಾಗ, ಅರಿಸಿನ ಹಚ್ಚಿಕೋ ಎಂದು ಮನೆಗೆ ಕಳಿಸಿದವನು. ಇವತ್ತು ಕೈಗೆ ಸಿಗುವ ದವಾಖಾನೆ ಬಿಟ್ಟು ಬಸವಕಲ್ಯಾಣದವರೆಗೆ ತನ್ನನ್ನು ಯಾಕೆ ಒಯ್ಯುತ್ತಿದ್ದಾನೆ?

ಅದು ಅವಳ ಮೊದಲ ಶಂಕೆ. ಎರಡು ಸಾವಿರದ ಮೂರನೇ ಇಸವಿಯ ಫೆಬ್ರವರಿ, ಬೆಳಗಿನ ಹತ್ತು ಗಂಟೆ.

ಕಮಳಾಬಾಯಿ ಕೊಡಂಬಲದವಳು. ಗಂಡ ಮಚ್ಚೇಂದ್ರ ಹುಮನಾಬಾದಿನ ಗಂಜಿನಲ್ಲಿ, ಅಲ್ಲಿನ ಕಾಳಿನ ಮಾರುಕಟ್ಟೆಯಲ್ಲಿ, ತೊಗರಿಯ ಚೀಲ ಹೊರುತ್ತಿದ್ದ. ಅವಳು ಹೆದ್ದಾರಿಯ ಪಕ್ಕದ ಕೆಮಿಕಲ್ ಕಾರ್ಖಾನೆಯಲ್ಲಿ ಖಾಲಿ ಡ್ರಮ್ಮು ತೊಳೆಯುತ್ತಿದ್ದಳು. ಹದಿಮೂರು ಹೆಂಗಸರು ಆ ಕೆಲಸಕ್ಕಿದ್ದರು. ಡ್ರಮ್ಮಿನ ಬಿರಡೆ ಬಿಚ್ಚಬೇಕು, ಬಗ್ಗಿಸಬೇಕು, ತಳದಲ್ಲಿ ಉಳಿದದ್ದನ್ನು ಕಟ್ಟಿಗೆಯಿಂದ ಕೆರೆದು ತೆಗೆಯಬೇಕು, ಆಮೇಲೆ ನೀರು. ಒಳಗೆ ಏನಿತ್ತು ಎಂದು ಯಾರೂ ಹೇಳುತ್ತಿರಲಿಲ್ಲ. ಕೈಯ ಚರ್ಮವೇ ಹೇಳುತ್ತಿತ್ತು. ಕೆಲವು ಡ್ರಮ್ಮಿಗೆ ಚರ್ಮ ಬೆಳ್ಳಗಾಗಿ ಸುಲಿಯುತ್ತಿತ್ತು. ಕೆಲವಕ್ಕೆ ಉಗುರು ಹಳದಿಯಾಗುತ್ತಿತ್ತು. ಊಟದ ಹೊತ್ತಿಗೆ ರೊಟ್ಟಿ ಮುರಿದರೆ ರೊಟ್ಟಿಗೂ ಅದೇ ವಾಸನೆ.

ಗೇಟಿನಲ್ಲಿ ಗಂಡಾಳುಗಳ ಹೆಸರು ಬರೆದುಕೊಳ್ಳುತ್ತಿದ್ದರು. ಹೆಂಗಸರ ಹೆಸರು ಬರೆಯುತ್ತಿರಲಿಲ್ಲ. ವಾಚ್‌ಮನ್ ಬೆರಳು ತೋರಿಸಿ ತಲೆ ಎಣಿಸುತ್ತಿದ್ದ. ಹದಿಮೂರು ಹೆಣ್ಣಾಳು. ಅಷ್ಟೇ.

ಆವತ್ತು ಬೆಳಿಗ್ಗೆ ಕರೆಂಟು ಇರಲಿಲ್ಲ. ಮೋಟಾರು ನಡೆದಿರಲಿಲ್ಲ. ತೊಳೆಯುವ ಅಂಗಳದ ತೊಟ್ಟಿ ಒಣಗಿತ್ತು. “ನೀರ ಬರೂ ತನಕ ಬಿರಡಿನಾರ ಬಿಚ್ಚಿಡ್ರಿ, ಕೈ ಕಟ್ಕೊಂಡು ಕೂಡಬ್ಯಾಡ್ರಿ” ಎಂದು ಶರಣಕುಮಾರ ಒದರಿ ಹೋದ. ಕಮಳಾಬಾಯಿ ನಾಲ್ಕನೇ ಡ್ರಮ್ಮಿನ ಬಿರಡೆ ತಿರುಗಿಸಿದಳು. ಬಿಸಿಲಿಗೆ ಕಾದ ಡ್ರಮ್ಮು. ಒಳಗಿನದು ಬುಸ್ಸೆಂದು ಮುಖಕ್ಕೆ ಹಾರಿತು. ಕಾಸ್ಟಿಕ್, ಮುಟ್ಟಿದ್ದನ್ನು ಸುಡುವ ಕ್ಷಾರ.

ಅವಳು ಕಿರುಚಿದ್ದನ್ನು ಅಕ್ಬರಿ ಕೇಳಿದಳು. ಅಕ್ಬರಿ ಹುಮನಾಬಾದಿನವಳು, ಪಕ್ಕದ ಡ್ರಮ್ಮಿನವಳು. ಕುಡಿಯಲು ಮನೆಯಿಂದ ತಂದಿದ್ದ ಕೊಡದ ನೀರನ್ನು ಓಡಿ ಬಂದು ಕಮಳಾಬಾಯಿಯ ಕಣ್ಣಿಗೆ ಸುರಿದಳು. ಕೊಡ ಖಾಲಿಯಾಯಿತು. ಇನ್ನೊಂದು ಕೊಡಕ್ಕೆ ಆಫೀಸಿನ ಕಡೆ ಓಡಿದಳು. ಅಷ್ಟರಲ್ಲಿ ಜೀಪು ಬಂತು.

ಬಸವಕಲ್ಯಾಣದ ಆ ಖಾಸಗಿ ದವಾಖಾನೆ ಒಂದು ಅಂಗಡಿ ಸಾಲಿನ ಮೇಲಂತಸ್ತಿನಲ್ಲಿತ್ತು. ಡಾಕ್ಟರರು ಶರಣಕುಮಾರನಿಗೆ ಬೀಗರ ಪೈಕಿ. ಇದು ಅವಳಿಗೆ ಆಮೇಲೆ ಗೊತ್ತಾಯಿತು. ಮೊದಲ ದಿನ ಅವರು ಕಣ್ಣು ತೊಳೆದರು, ಔಷಧಿ ಹಾಕಿದರು, ಪಟ್ಟಿ ಕಟ್ಟಿದರು. ಏನಾಯಿತು ಎಂದು ಅವಳನ್ನು ಕೇಳಲಿಲ್ಲ. ಶರಣಕುಮಾರನನ್ನು ಕೇಳಿದರು. ಅವನು ಹೊರಗೆ ಕರೆದುಕೊಂಡು ಹೋಗಿ ಹೇಳಿದ.

ಮೂರನೇ ದಿನಕ್ಕೆ ಎಡಗಣ್ಣಿನ ಪಟ್ಟಿ ಬಿಚ್ಚಿದರು. ಮಸುಕಾಗಿ ಕಂಡಿತು. ಮಚ್ಚೇಂದ್ರನ ಮುಖ ಕಂಡಿತು. ಅವನು ಮೂರು ದಿನದಿಂದ ಗಂಜಿಗೆ ಹೋಗಿರಲಿಲ್ಲ. ಅವಳ ಹಾಸಿಗೆಯ ಕೆಳಗೆ ನೆಲದ ಮೇಲೆ ಮಲಗುತ್ತಿದ್ದ. ಬಲಗಣ್ಣಿನ ಪಟ್ಟಿ ಹಾಗೇ ಇತ್ತು.

“ಬಲಗಡಿದು ಹ್ಯಾಂಗ ಐತ್ರಿ?” ಎಂದು ಮಚ್ಚೇಂದ್ರ ಡಾಕ್ಟರರನ್ನು ಕೇಳಿದ.

“ಆಪರೇಶನ್ ಆಗ್ಬೇಕಾಗ್ತದ. ಹೈದರಾಬಾದಿನಾಗ. ಲಗೂನ ಆಗ್ಬೇಕು. ಶರಣಕುಮಾರರ ಜೋಡಿ ಮಾತಾಡೀನಿ.”

ಐದನೇ ದಿನ ಶರಣಕುಮಾರ ಬಂದ. ಕೈಯಲ್ಲಿ ಎಳನೀರು, ಮೋಸಂಬಿ. ಬಾಗಿಲಲ್ಲೇ ಹೇಳಿದ: “ಆರಾಮ ಅದೀರಿ ಕಮಳಾಬಾಯಿ?”

ಆರು ವರ್ಷ ಅವಳು ಕಮಳಿ. ಸಿಟ್ಟಿದ್ದ ದಿನ ಬರೀ ‘ಏ’. ಚಹಾ ಕೊಟ್ಟರೆ ಹೆಂಗಸರ ಕಪ್ಪುಗಳನ್ನು ಗೋಡೆಯ ಆಚೆ ಬೇರೆಯೇ ಇಡಿಸುತ್ತಿದ್ದ, ಅದರಲ್ಲೂ ಅವಳ ಕೇರಿಯ ಐದು ಜನರದು ಮತ್ತೂ ಬೇರೆ. ಇವತ್ತು ಅದೇ ಮನುಷ್ಯ ಅವಳ ಹಾಸಿಗೆಯ ಅಂಚಿನಲ್ಲಿ ಕುಳಿತ. ಎಳನೀರಿಗೆ ಕೊಳವೆ ಹಾಕಿ ತಾನೇ ಕೊಟ್ಟ.

ಅವನು ಹೋದ ಮೇಲೆ ಅವಳು ಗಂಡನಿಗೆ ಹೇಳಿದಳು: “ಇದನ್ನ ಕುಡೀಬೇಕೋ ಬ್ಯಾಡೋ ಗೊತ್ತಾಗವಲ್ದು.”

“ಯಾಕ, ಇಸ ಹಾಕ್ಯಾನೇನ?”

“ಹೆಸರಿನ ಹಿಂದ ಬಾಯಿ ಹಚ್ಯಾನ. ರೀ ಅಂತಾನ. ಇಸಕ್ಕಿಂತ ದೊಡ್ಡದೇನೋ ಐತಿ.”

ಮಚ್ಚೇಂದ್ರನಿಗೆ ಹೆಂಡತಿಯ ಮಾತು ಹಿಡಿಸಲಿಲ್ಲ. ಕಷ್ಟದಲ್ಲಿ ಕೈಹಿಡಿದವನ ಮೇಲೆ ಶಕ್ ಪಡಬಾರದು ಅಂದ. ಎಳನೀರು ತಾನೇ ಕುಡಿದ.

ಮರುದಿನ ಶರಣಕುಮಾರ ಮಚ್ಚೇಂದ್ರನನ್ನು ಕರೆದು, ಹೆಂಡತಿಯ ಹಳೆಯ ಫೋಟೋ ಒಂದು ಊರಿನಿಂದ ತಾ ಅಂದ. ಪಾಸ್‌ಪೋರ್ಟ್ ಸೈಜಿನದು, ಎರಡೂ ಕಣ್ಣು ಚೆನ್ನಾಗಿ ಕಾಣುವಂಥದು. ಬಸ್ಸಿನ ಖರ್ಚಿಗೂ ಕೊಟ್ಟ. ಮಚ್ಚೇಂದ್ರ ಕೊಡಂಬಲಕ್ಕೆ ಹೋಗಿ, ಸ್ತ್ರೀಶಕ್ತಿ ಸಂಘದ ಪುಸ್ತಕಕ್ಕೆಂದು ತೆಗೆಸಿದ್ದ ಫೋಟೋದ ಉಳಿದ ಪ್ರತಿ ತಂದ. ಕಮಳಾಬಾಯಿ ಅದನ್ನು ಕೈಯಲ್ಲಿ ಹಿಡಿದು ನೋಡಿದಳು.

“ಈ ದವಾಖಾನಿ ಕೆಳಗ ಫೋಟೋದವನ ಅಂಗಡಿ ಐತಿ. ಈಗಿನ ಮಾರಿ ಬ್ಯಾಡಾತು, ಹಳೀ ಮಾರಿ ಯಾಕ ಬೇಕಾತು ಇವಗ?”

“ಪಟ್ಟಿ ಕಟ್ಟಿದ್ದು ಫೋಟೋ ಛಲೋ ಕಾಣ್ತದೇನ?”

“ಮದಿವಿ ಮಾಡ್ತಾನೇನ ನನ್ನ, ಛಲೋ ಕಾಣಾಕ?”

ಆದರೂ ಅವನು ಫೋಟೋ ಒಯ್ದು ಶರಣಕುಮಾರನಿಗೆ ಕೊಟ್ಟ.

ಆ ದವಾಖಾನೆಯಲ್ಲಿ ಪಟ್ಟಿ ಬದಲಿಸುವ ಆಯಾ ಬಿಸ್ಮಿಲ್ಲಾ ಬೀ. ಅರವತ್ತು ದಾಟಿದ ಹೆಂಗಸು. ಮಾತು ಕಡಿಮೆ. ಏಳನೇ ದಿನ ಸಂಜೆ ಪಟ್ಟಿ ಬಿಚ್ಚುವಾಗ ಅವಳು ಬಾಗಿಲ ಕಡೆ ನೋಡಿ ದನಿ ಇಳಿಸಿದಳು.

“ಬೇಟಿ, ಮನ್ಯಾಗ ಸುಣ್ಣಾ ಹಚ್ಚಿದ್ದೇನು ನೀ?”

“ಇಲ್ರಿ ಖಾಲಾ. ನಾ ಮನಿಗಿ ಹೋಗೇ ಇಲ್ಲ.”

“ನಿನ್ನ ಚೀಟಿ ಮೊದಲಿಂದು ಹರದು ಹಾಕ್ಯಾರ. ಹೊಸಾದು ಬರದಾರ. ಸುಣ್ಣಾ ಬಿದ್ದು ಕಣ್ಣು ಸುಟ್ಟದ ಅಂತ ಕಂಪೌಂಡರ್ ಹೇಳಾಕತ್ತಿದ್ದ. ತಾರೀಕಿನ ಜಾಗಾ ಖಾಲಿ ಬಿಟ್ಟಾರಂತ.” ಹತ್ತಿ ಒತ್ತುತ್ತ ಒತ್ತುತ್ತ ಹೇಳಿದಳು: “ನಾ ಹೇಳೀನಿ ಅನ್ನಬ್ಯಾಡ. ನನ್ನ ನೌಕ್ರಿ ಹೋಗ್ತದ. ಹೆಬ್ಬಟ್ಟು ಒತ್ತೂ ಮುಂದ ಕೇಳು, ಅಷ್ಟೇ.”

ಆ ಸಂಜೆಯೇ ಕಮಳಾಬಾಯಿ ಗಂಡನಿಗೆ ಎಲ್ಲ ಹೇಳಿದಳು. ಅವನು ತಲೆ ಹಿಡಿದುಕೊಂಡು ಕುಳಿತ. “ಸುಣ್ಣಾನೋ ಕಾಸ್ಟಿಕ್ಕೋ, ಆಪರೇಶನ್ ಆದ್ರ ಸಾಕಲ್ಲ” ಅಂದ. ಅವಳು ಗೋಡೆಯ ಕಡೆ ತಿರುಗಿ ಮಲಗಿದಳು.

ಎಂಟನೇ ದಿನ ಮಧ್ಯಾಹ್ನ ಶರಣಕುಮಾರ ಇನ್ನೊಬ್ಬನನ್ನು ಕರೆದುಕೊಂಡು ಬಂದ. ಸಂಜೀವಕುಮಾರ ಎಂದು ಹೆಸರು, ಇನ್ಶೂರೆನ್ಸ್ ಏಜೆಂಟ. ಇಸ್ತ್ರಿ ಮಾಡಿದ ಅಂಗಿ, ಕಂಕುಳಲ್ಲಿ ರೆಕ್ಸಿನ್ ಬ್ಯಾಗು. ಅವನು ಕಮಳಾಬಾಯಿಯ ಬಲಗಣ್ಣಿನ ಪಟ್ಟಿಯನ್ನು ಒಮ್ಮೆ ನೋಡಿದ. ಆಮೇಲೆ ಅಲ್ಲಿ ಇದ್ದಷ್ಟು ಹೊತ್ತೂ ಆ ಕಡೆ ನೋಡಲಿಲ್ಲ.

ಶರಣಕುಮಾರ ಮಾತು ಶುರು ಮಾಡಿದ. “ನೋಡ್ರಿ ಕಮಳಾಬಾಯಿ, ಆಪರೇಶನ್ ಅಂದ್ರ ದೊಡ್ಡ ಖರ್ಚು. ಅದಕ್ಕ ನಿಮ್ಮ ಹೆಸರಿಲೆ ಆರೋಗ್ಯದ್ದೊಂದು ಇನ್ಶೂರೆನ್ಸ್ ಮಾಡ್ಸಾಕತ್ತೀನಿ. ಕಂತು ನಂದು. ನೀವು ಒಂದ್ ಹೆಬ್ಬಟ್ಟು ಒತ್ರಿ, ಮುಗೀತು. ಮುಂದಿಂದು ನನ್ನ ಜಿಮ್ಮೇದಾರಿ.”

ಏಜೆಂಟ ಮಸಿಯ ಡಬ್ಬಿ ತೆಗೆದ. ಫಾರಂ ಹಾಸಿಗೆಯ ಮೇಲೆ ಹರವಿದ. ತುಂಬಿದ ಫಾರಂ. ಇಂಗ್ಲಿಷಿನಲ್ಲಿತ್ತು. ಹಳೆಯ ಫೋಟೋ ಮೂಲೆಯಲ್ಲಿ ಅಂಟಿಸಿಯಾಗಿತ್ತು.

ಹೆಬ್ಬಟ್ಟು ಒತ್ತಿಸಲು ಮಚ್ಚೇಂದ್ರ ಹೆಂಡತಿಯ ಕೈ ಹಿಡಿದ. ಕಮಳಾಬಾಯಿ ಕೈ ಎಳೆದುಕೊಂಡಳು.

“ಏನ್ ಬರದೀರಿ, ಓದ್ರಿ.”

“ಎಲ್ಲಾ ಸರಿ ಬರದೀನಿ ಬಾಯೀ...”

“ಸರಿ ಬರದಿದ್ರ ಓದಾಕೇನ್ ಆತ್ರಿ? ಒಂದೊಂದು ಓದ್ರಿ.”

ಏಜೆಂಟ ಶರಣಕುಮಾರನ ಮುಖ ನೋಡಿದ. ಶರಣಕುಮಾರ ನಕ್ಕು ತಲೆ ಅಲ್ಲಾಡಿಸಿದ. ಏಜೆಂಟ ಓದಿದ. ಹೆಸರು. ಗಂಡನ ಹೆಸರು. ಊರು. ವಯಸ್ಸು ಮೂವತ್ತಾರು.

“ಉದ್ಯೋಗ, ಮನೆಗೆಲಸ.”

“ಯಾರ ಮನೀ ಕೆಲಸ?”

“ನಿಮ್ಮ ಮನೀದು.”

“ಕಾರ್ಖಾನಿದು ಎಲ್ಲಿ ಬರದೀರಿ?”

“ಅದರ ಗರಜ ಇಲ್ಲ ಇದಕ್ಕ.”

“ಹ್ಞೂಂ. ಮುಂದ ಓದ್ರಿ.”

“ಪಾಲಿಸಿ ಚಾಲೂ ಆಗೂ ದಿನ, ಮಾರ್ಚ್ ಒಂದು.”

ಅವಳು ಬೆರಳು ಮಡಚಿ ಲೆಕ್ಕ ಹಾಕಿದಳು. ಮಾರ್ಚ್ ಒಂದು ಬರಲು ಇನ್ನೂ ನಾಲ್ಕು ದಿನ ಇತ್ತು.

“ನನ್ನ ಕಣ್ಣಿಗಿ ಬಿದ್ದು ಎಂಟ ದಿನ ಆತು. ಇನ್ನ ನಾಕ ದಿನಕ್ಕ ಚಾಲೂ ಆಗೂ ಕಾಗದ ಹಿಂದಿನ ಕಣ್ಣಿಗಿ ಹ್ಯಾಂಗ ಕೊಡ್ತದ?”

ಏಜೆಂಟನಿಗೆ ತನ್ನ ಜಾಣತನ ತೋರಿಸುವ ಆಸೆ ತಡೆಯಲಾಗಲಿಲ್ಲ. “ಅಪಘಾತಕ್ಕ ಮೊದಲ ದಿನದಿಂದ ಕೊಡ್ತಾರ ಬಾಯೀ. ನಾಕ ದಿನ ನೀವು ಊರಿಗಿ ಹೋಗ್ರಿ. ಎರಡನೇ ತಾರೀಕಿಗಿ ಮನ್ಯಾಗ ಸುಣ್ಣಾ ಹಚ್ಚೂ ಮುಂದ ಕಣ್ಣಿಗಿ ಬಿತ್ತು ಅಂತ ಇಲ್ಲೇ ಬಂದು ದಾಖಲಾಗ್ರಿ. ಡಾಕ್ಟರು ಬರಕೊಡ್ತಾರ. ಎಲ್ಲಾ ಮಾತಾಗ್ಯಾದ.”

ಹಿಂದಿನ ಸಂಜೆ ಹೆಂಡತಿ ಹೇಳಿದಾಗ ಮಚ್ಚೇಂದ್ರನಿಗೆ ಅದು ಆಯಾ ಹೇಳಿದ ಗಾಳಿಮಾತಿನಂತೆ ಕಂಡಿತ್ತು. ಈಗ ಅವರ ಬಾಯಿಂದಲೇ ಬಂತು.

“ಇನ್ನೇನದ ಅದ್ರಾಗ? ಓದ್ರಿ” ಅಂದಳು ಕಮಳಾಬಾಯಿ.

ಏಜೆಂಟ ಬೇಗ ಬೇಗ ಓದಿದ. “ಸಕ್ಕರೆ ರೋಗ, ಇಲ್ಲ. ಬಿಪಿ, ಇಲ್ಲ. ಮೊದಲು ಆಪರೇಶನ್ ಆಗಿದೆಯೇ, ಇಲ್ಲ. ಸದ್ಯ ಶರೀರದಲ್ಲಿ ಯಾವುದೇ ಗಾಯ, ಊನ ಇದೆಯೇ...” ಅಲ್ಲಿ ಅವನ ದನಿ ಇಳಿಯಿತು. “ಇಲ್ಲ.”

“ಏನಂದ್ರಿ?”

“ಇಲ್ಲ ಅಂತ ಬರದೀನಿ.”

ಕಮಳಾಬಾಯಿ ಎದ್ದು ಕುಳಿತಳು. ಎರಡೂ ಕೈ ತಲೆಯ ಹಿಂದೆ ಒಯ್ದು ಪಟ್ಟಿಯ ಗಂಟು ಬಿಚ್ಚಿದಳು. “ಏ, ಏನ್ ಮಾಡಾಕತ್ತೀ” ಎಂದು ಮಚ್ಚೇಂದ್ರ ಹಿಡಿಯಲು ಬಂದ. ಅವನನ್ನು ಮೊಣಕೈಯಿಂದ ತಳ್ಳಿದಳು. ಪಟ್ಟಿ ಬಿತ್ತು. ಒಳಗಿನ ಹತ್ತಿ ರೆಪ್ಪೆಗೆ ಅಂಟಿತ್ತು. ಎಳೆದಳು. ನೀರು, ಕೀವು, ರಕ್ತ ಮೂರೂ ಕೆನ್ನೆಗಿಳಿದವು. ರೆಪ್ಪೆ ಬೆಂದು ಕೆಂಪಾಗಿ ಮಡಚಿತ್ತು. ಒಳಗೆ ಕರಿಗುಡ್ಡೆ ಇರಲಿಲ್ಲ. ಬೇಯಿಸಿದ ಮೊಟ್ಟೆಯ ಬಿಳಿಯಂಥದು ಇತ್ತು.

“ನೋಡ್ರಿ. ಬಂದಾಗಿಂದ ಈ ಕಡಿ ನೋಡವಲ್ರಿ. ನೋಡಿ ಬರೀರಿ. ಇದು ಐತೋ ಇಲ್ಲೋ?”

ಏಜೆಂಟ ಗೋಡೆಗೆ ಆತುಕೊಂಡ. ಬಾಯಿಗೆ ಕರ್ಚೀಫು ಒತ್ತಿಕೊಂಡ.

ಶರಣಕುಮಾರನ ದನಿಯಲ್ಲಿ ‘ರೀ’ ಹೋಯಿತು. “ಕಮಳೀ, ನಿನ್ನ ಒಳ್ಳೇದಕ್ಕ ಹೇಳಾಕತ್ತೀನಿ. ಕಾರ್ಖಾನಿ ಹೆಸರ ಬಂತಂದ್ರ ಒಂದ್ ಪೈಸೆ ಸಿಗಂಗಿಲ್ಲ ನಿನಗ. ನಿನ್ನ ಹೆಸರಽ ಇಲ್ಲ ಅಲ್ಲಿ.”

“ಗೊತ್ತೈತಿ. ಆರು ವರ್ಷ ತಲಿ ಎಣಿಸೀರಿ.”

“ಆಪರೇಶನ್ ಬ್ಯಾಡೇನು?”

“ಬೇಕು. ಆಪರೇಶನ್ ಮಾಡಸ್ತೀನಿ ಅಂತ ಒಂದ್ ಕಾಗದ ಬರಕೊಡ್ರಿ. ನಿಮ್ಮ ದಸ್ಕತ್ ಹಾಕ್ರಿ. ಇವತ್ತೇ ಹಾಕ್ರಿ. ಆಮ್ಯಾಲ ಮಾತಾಡೂಣು.”

“ನನ್ನ ಮಾತಿನ ಮ್ಯಾಲ ಭರೋಸಾ ಇಲ್ಲೇನು?”

“ನಿಮಗ ನನ್ನ ಹೆಬ್ಬಟ್ಟು ಬೇಕು. ನನಗ ನಿಮ್ಮ ಮಾತು ಸಾಕೇನು?” ಅವಳ ದನಿ ಏರಿತು. “ನಾಳಿ ಇನ್ಶೂರೆನ್ಸಿನವ್ರು ಹಿಡದ್ರಂದ್ರ ಸುಳ್ಳು ಹೇಳಿದ್ದು ಯಾರು? ಸುಣ್ಣಾ ಅಂದದ್ದು ಯಾರು? ಹೆಬ್ಬಟ್ಟು ಯಾರ್ದು? ಜೈಲಿಗಿ ನಾ ಹೋಗ್ತೀನಿ. ಕಣ್ಣೂ ನಂದು, ಕಳ್ಳತನಾನೂ ನಂದು. ನಿಮ್ಮದೇನೈತಿ ಇದ್ರಾಗ? ಒಂದ್ ಎಳನೀರು.”

ಶರಣಕುಮಾರ ಅವಳ ಕೈ ಹಿಡಿದು ಹೆಬ್ಬೆರಳನ್ನು ಮಸಿಯ ಡಬ್ಬಿಯ ಕಡೆ ಎಳೆದ. ಅವಳು ಮುಷ್ಟಿ ಬಿಗಿ ಹಿಡಿದಳು. ಹೆಬ್ಬೆರಳು ಮುಷ್ಟಿಯ ಒಳಗೆ. ಆರು ವರ್ಷ ಬಿರಡೆ ತಿರುಗಿಸಿದ ಕೈ. ಅವನಿಗೆ ಬಿಚ್ಚಲಾಗಲಿಲ್ಲ. ಆಗ ಮಚ್ಚೇಂದ್ರ ಎದ್ದ. ಚೀಲ ಹೊರುವವನ ಅಂಗೈಯನ್ನು ಗುತ್ತೇದಾರನ ಎದೆಯ ಮೇಲಿಟ್ಟು ಹಿಂದಕ್ಕೆ ತಳ್ಳಿದ. ಜೋರಾಗಿ ಅಲ್ಲ. ಆದರೆ ಶರಣಕುಮಾರ ಬಾಗಿಲವರೆಗೆ ಹೋದ.

“ಆಕಿ ಒಲ್ಲೆ ಅಂದಾಳ್ರಿ” ಅಂದ ಮಚ್ಚೇಂದ್ರ.

ಏಜೆಂಟ ಫಾರಂ ಮಡಚಿ ಬ್ಯಾಗಿಗೆ ತುರುಕಿಕೊಂಡು ಮೆಟ್ಟಿಲಿಳಿದ. ಅರ್ಧ ಗಂಟೆಯಲ್ಲಿ ಕಂಪೌಂಡರ ಬಂದು, ಹಾಸಿಗೆ ಖಾಲಿ ಮಾಡಿ ಅಂದ. ಯಾವ ಚೀಟಿಯನ್ನೂ ಕೊಡಲಿಲ್ಲ. ಬಿಸ್ಮಿಲ್ಲಾ ಬೀ ಹೊಸ ಪಟ್ಟಿ ಕಟ್ಟಿ, ಉಳಿದ ಹತ್ತಿಯನ್ನು ಕಮಳಾಬಾಯಿಯ ಸೆರಗಿಗೆ ಗಂಟು ಹಾಕಿ ಕಳಿಸಿದಳು.

ಬಸ್ ಸ್ಟ್ಯಾಂಡಿನವರೆಗೆ ನಡೆದೇ ಹೋದರು. ಬಸ್ಸಿನಲ್ಲಿ ಕುಳಿತ ಮೇಲೆ ಮಚ್ಚೇಂದ್ರ ಕೇಳಿದ: “ಕಣ್ಣ ಹೋದ್ರ?”

“ಗೊತ್ತಿಲ್ಲ” ಅಂದಳು ಅವಳು. ಅವಳಿಗೆ ಹೆದರಿಕೆಯಾಗಿತ್ತು. ತಾನು ಮಾಡಿದ್ದು ಸರಿಯೋ ತಪ್ಪೋ ಅವಳಿಗೂ ಗೊತ್ತಿರಲಿಲ್ಲ.

ಹುಮನಾಬಾದಿನ ಸರಕಾರಿ ದವಾಖಾನೆಯಲ್ಲಿ ಆವತ್ತು ಒಬ್ಬ ಹರೆಯದ ಡಾಕ್ಟರಮ್ಮ ಇದ್ದರು. ಕಣ್ಣು ನೋಡಿ ಸಿಡಿಮಿಡಿಗೊಂಡರು. ಎಂಟು ದಿನ ಎಲ್ಲಿ ಸತ್ತಿದ್ದಿರಿ ಎಂದು ಬೈದರು. ಕಮಳಾಬಾಯಿ ಎಲ್ಲ ಹೇಳಿದಳು. ಡಾಕ್ಟರಮ್ಮ ಬೈಯುವುದನ್ನು ನಿಲ್ಲಿಸಿದರು. ಪೊಲೀಸರಿಗೆ ಕಳಿಸುವ ದೊಡ್ಡ ರಿಜಿಸ್ಟರು ತೆಗೆದು, ಕಾರ್ಖಾನೆಯಲ್ಲಿ ಕೆಲಸದ ವೇಳೆ ಕಾಸ್ಟಿಕ್ ಬಿದ್ದು ಎಂದು ಬರೆದರು. ಬರೆದದ್ದನ್ನು ಓದಿ ಹೇಳಿದರು. ಹೈದರಾಬಾದಿನ ಒಂದು ಧರ್ಮಾರ್ಥ ಕಣ್ಣಿನ ಆಸ್ಪತ್ರೆಗೆ ಚೀಟಿ ಕೊಟ್ಟರು. “ಬೀದರಿಗಿ ಹೋಗಿ ಕಾರ್ಮಿಕ ಅಧಿಕಾರಿಗೂ ಅರ್ಜಿ ಕೊಡವ್ವಾ” ಅಂದರು.

ಹೈದರಾಬಾದಿನಲ್ಲಿ ಬಲಗಣ್ಣು ಉಳಿಯಲಿಲ್ಲ. ಮುದಿ ಡಾಕ್ಟರರೊಬ್ಬರು ಅರೆಬರೆ ಕನ್ನಡದಲ್ಲಿ ಅವರಿಗೆ ತಿಳಿಸಿ ಹೇಳಿದರು. ಇಂಥದು ಬಿದ್ದಾಗ ಬೇಕಾದದ್ದು ನೀರು. ಬರೀ ನೀರು. ಅಲ್ಲೇ ನಿಂತು ಅರ್ಧ ಗಂಟೆ ಸತತ ಸುರಿಯಬೇಕಿತ್ತು. ಆಮೇಲೆ ಯಾವ ಊರಿಗೆ ಒಯ್ದರೂ ಆಗುತ್ತಿತ್ತು. ಯಾರೋ ಸ್ವಲ್ಪ ನೀರು ಹಾಕಿದ್ದಾರೆ, ಅದಕ್ಕೇ ಎಡಗಣ್ಣು ಉಳಿದಿದೆ.

“ಎಂಟ ದಿನದ ಹಿಂದ ಆಪರೇಶನ್ ಆಗಿದ್ರ?” ಎಂದು ಮಚ್ಚೇಂದ್ರ ಕೇಳಿದ.

“ನಹೀಂ. ಬಲಗಣ್ಣು ಮೊದಲ ಗಂಟ್ಯಾಗೇ ಹೋಗ್ಯಾದ.”

ಮಚ್ಚೇಂದ್ರ ದವಾಖಾನೆಯ ಗೋಡೆಗೆ ಹಣೆ ಹಚ್ಚಿ ಅತ್ತ. ಕಮಳಾಬಾಯಿ ಅಳಲಿಲ್ಲ. ಜೀಪಿನಲ್ಲಿ ಕಳೆದ ಹೊತ್ತನ್ನು ಅವಳು ಮನಸ್ಸಿನಲ್ಲೇ ಮತ್ತೆ ನಡೆದಳು. ಬಸ್ ಸ್ಟ್ಯಾಂಡು, ದವಾಖಾನೆ, ಹೆದ್ದಾರಿ, ಸಸ್ತಾಪುರ ಬಂಗ್ಲಾದ ತಿರುವು, ಕಲ್ಯಾಣ. ಕಣ್ಣು ಆ ರಸ್ತೆಯ ಮೇಲೆ ಹೋಗಿತ್ತು. ಹೆಸರು ಉಳಿಸಿಕೊಳ್ಳಲು ಅವನು ಓಡಿಸಿದ ರಸ್ತೆಯ ಮೇಲೆ.

ಕಮಳಾಬಾಯಿ ಬೀದರಿನ ಕಾರ್ಮಿಕ ಅಧಿಕಾರಿಗೆ ಅರ್ಜಿ ಕೊಟ್ಟಳು. ವಿಚಾರಣೆ ಆರು ತಿಂಗಳ ಮೇಲೆ ಬಂತು. ಸಾಕ್ಷಿ ಬೇಕಿತ್ತು. ಹನ್ನೆರಡು ಹೆಂಗಸರ ಮನೆಗೂ ಕಮಳಾಬಾಯಿ ಹೋದಳು. ಒಂಬತ್ತು ಜನ ಬಾಗಿಲಲ್ಲೇ ಕೈಮುಗಿದರು. ಅವಳು ಅವರನ್ನು ಬೈಯಲಿಲ್ಲ. ಅವರ ಮನೆಯ ಒಲೆಯೂ ಹೊತ್ತಬೇಕಿತ್ತು. ಅಕ್ಬರಿ ಮತ್ತಿಬ್ಬರು ಬರುತ್ತೇವೆಂದರು. ಆ ಮಾತು ಗೇಟಿಗೆ ತಲುಪಿತು. ಮರುದಿನ ವಾಚ್‌ಮನ್ ಒಂಬತ್ತಕ್ಕೇ ಎಣಿಕೆ ನಿಲ್ಲಿಸಿದ; ಆ ಮೂವರು ಗೇಟಿನ ಹೊರಗುಳಿದರು.

ಕಾರ್ಮಿಕ ಅಧಿಕಾರಿಯ ಕೋಣೆ ಸಣ್ಣದು. ಒಂದು ಕಡೆ ಶರಣಕುಮಾರ, ಅವನ ವಕೀಲ. ಇನ್ನೊಂದು ಕಡೆ ಕಮಳಾಬಾಯಿ, ಮಚ್ಚೇಂದ್ರ, ಮೂರು ಹೆಂಗಸರು. ವಕೀಲ ಹಾಜರಿ ಪುಸ್ತಕ ಮುಂದಿಟ್ಟ. ಮೂರು ಹೆಂಗಸರ ಹೆಸರೂ ಅದರಲ್ಲಿಲ್ಲ, ಇವರೂ ನಮ್ಮವರಲ್ಲ ಅಂದ. ಅಕ್ಬರಿ ಚಪ್ಪಲಿ ಬಿಟ್ಟು ಜಜ್ಜಿದ ಬೆರಳಿನ ಕಾಲನ್ನು ಮುಂದಿಟ್ಟಳು. ಅದು ಎಲ್ಲಿ ಬೇಕಾದರೂ ಆಗಬಹುದು ಎಂದ ವಕೀಲ.

ಅಧಿಕಾರಿ ಪುಟ ತಿರುವಿದರು. “ಗುತ್ತೇದಾರ್ರೇ, ಈ ಬಾಯಿ ನಿಮ್ಮ ಹತ್ರ ಎಂದೂ ಕೆಲಸಾ ಮಾಡಿಲ್ಲ ಅಂತೀರಿ?”

“ಇಲ್ರಿ ಸಾಹೇಬ್ರ. ಈಕಿ ಯಾರಂತ ನನಗ ಗೊತ್ತಽ ಇರಲಿಲ್ಲ. ಕಣ್ಣಿಗಿ ಪೆಟ್ಟಾಗಿ ಕಲ್ಯಾಣದ ದವಾಖಾನ್ಯಾಗ ಬಿದ್ದಾಳ, ಗರೀಬ್ರು ಅಂತ ಯಾರೋ ಅಂದ್ರು. ದಯಾ ಬಂತು. ನನ್ನ ಕಂತಿನ ಮ್ಯಾಲ ಇನ್ಶೂರೆನ್ಸ್ ಮಾಡ್ಸಾಕ ಏಜೆಂಟನ್ನ ಕರಕೊಂಡು ಹೋದ್ನಿ. ಒಲ್ಲೆ ಅಂದಳು. ಎದಿಗಿ ಕೈ ಹಾಕ್ಸಿ ದೂಡ್ಸಿದಳು. ಉಪಕಾರ ಮಾಡಾಕ ಹೋದವನ ಮ್ಯಾಲೇ ಈಗ ಕೇಸು.”

ವಕೀಲ ಅವನ ಮೊಣಕೈ ಹಿಡಿದ. ತಡವಾಗಿತ್ತು.

ಕಮಳಾಬಾಯಿ ಎದ್ದು ನಿಂತಳು. ಕೇಳದೆ ಎದ್ದು ನಿಲ್ಲಬಾರದು ಎಂದು ಯಾರೂ ಅವಳಿಗೆ ಹೇಳಿರಲಿಲ್ಲ.

“ಸಾಹೇಬ್ರ, ಒಂದ್ ಮಾತು ಕೇಳ್ತೀನ್ರಿ ಇವ್ರಿಗಿ.”

“ಕೇಳವ್ವಾ.”

ಅವಳು ಶರಣಕುಮಾರನ ಕಡೆ ತಿರುಗಿದಳು. ಇರುವ ಒಂದು ಕಣ್ಣಿನಿಂದ ಅವನನ್ನು ನೇರ ನೋಡಬೇಕಾದರೆ ಪೂರ್ತಿ ತಿರುಗಬೇಕಿತ್ತು.

“ಕೊಡಂಬಲದಾಗ ಗರೀಬ್ರು ಭಾಳ ಮಂದಿ ಅದಾರ್ರಿ. ನಮ್ಮ ಕೇರ್ಯಾಗೇ ನಾಕ ಮಂದಿಗಿ ಕಣ್ಣ ಕಾಣಂಗಿಲ್ಲ. ಅವ್ರ ಮನಿಗಿ ಎಂದಾರ ಏಜೆಂಟನ್ನ ಕರಕೊಂಡು ಹೋಗೀರೇನ್ರಿ? ನಾ ನಿಮ್ಮ ಆಳಽ ಅಲ್ಲ, ನಾ ಯಾರಂತ ನಿಮಗ ಗೊತ್ತಽ ಇಲ್ಲ. ಹಂಗಾದ್ರ ನನಗಽ ಯಾಕ ಇನ್ಶೂರೆನ್ಸ್ ಮಾಡ್ಸಾಕ ಬಂದಿದ್ರಿ?”

ಶರಣಕುಮಾರ ಬಾಯಿ ತೆರೆದ. ವಕೀಲ ಕಾಗದದೊಳಗೆ ಮುಖ ಹಾಕಿದ. ಅಕ್ಬರಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಬರೆದುಕೊಳ್ಳುವ ಗುಮಾಸ್ತ ಪೆನ್ನು ಎತ್ತಿ ಸಾಹೇಬರ ಕಡೆ ನೋಡಿದ. ಅಧಿಕಾರಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಪ್ರಶ್ನಿ ಬರಕೋರಿ” ಅಂದರು. “ಆಕಿ ಕೇಳಿದಂಗೇ ಬರಕೋರಿ. ಉತ್ತರಕ್ಕ ಜಾಗಾ ಬಿಡ್ರಿ.”

ಗುಮಾಸ್ತ ಬರೆದ. ಕಮಳಾಬಾಯಿ ಕೂರಲಿಲ್ಲ. ಉತ್ತರ ಬರುವ ತನಕ ನಿಂತೇ ಇರುತ್ತೇನೆ ಅಂದಳು.